ಪ್ರತಿಕ್ರಿಯೆ: ಎಸಿಬಿಯ ವೈ ಫೇಸ್‌ನಲ್ಲಿ ಮಾತ್ರ ರೆಸಿಸ್ಟೆನ್ಸ್ ಹೆಚ್ಚು

ನಿಮ್ಮ 1600 ಆಂಪಿಯರ್ ಎಸಿಬಿಯಲ್ಲಿ (ಏರ್ ಸರ್ಕ್ಯೂಟ್ ಬ್ರೇಕರ್) ಮೂರು ಫೇಸ್‌ಗಳ ಕಾಂಟ್ಯಾಕ್ಟ್ ರೆಸಿಸ್ಟೆನ್ಸ್ ಆರ್ 32, ಬಿ 34 ಮೈಕ್ರೋ ಓಮ್, ವೈ ಮಾತ್ರ 71. ಕಾಂಟ್ಯಾಕ್ಟ್ ಬದಲಾಯಿಸಬೇಕೇ ಎಂದು ಕೇಳಿದ್ದೀರಿ. ಈಗಲೇ ಬೇಡ ಸರ್, ಆದರೆ ಹಾಗೇ ಸರ್ವಿಸ್‌ಗೂ ಹಾಕಬೇಡಿ. ಕನಿಷ್ಠ ರೀಡಿಂಗ್‌ಗಿಂತ ಶೇ. 50ಕ್ಕೂ ಮೀರಿ ಹೆಚ್ಚಿದ್ದರೆ ಕಾರಣ ಹುಡುಕಲೇಬೇಕು. 1000 ಆಂಪಿಯರ್ ಲೋಡ್‌ನಲ್ಲಿ ಆರ್ ಪೋಲ್ (ಆ ಫೇಸ್‌ನ ಕಾಂಟ್ಯಾಕ್ಟ್ ಭಾಗ) 32 ವ್ಯಾಟ್ ಬಿಸಿಯಾದರೆ ವೈ 71 ವ್ಯಾಟ್ ಬಿಸಿಯಾಗುತ್ತದೆ.

ಬ್ರೇಕರನ್ನು ರ‍್ಯಾಕ್ ಔಟ್ ಮಾಡಿ (ಪ್ಯಾನೆಲ್‌ನಿಂದ ಹೊರಗೆಳೆದು), ನಾಲ್ಕೈದು ಸಲ ಕ್ಲೋಸ್-ಓಪನ್ ಮಾಡಿ, 100 ಆಂಪಿಯರ್ ಡಿಸಿಯಲ್ಲಿ ಮತ್ತೆ ಅಳೆಯಿರಿ. ಎಷ್ಟೋ ಸಲ ಮೇಲ್ಪದರದ ಕೊಳೆ ಅಷ್ಟಕ್ಕೇ ಸವೆದು ಹೋಗುತ್ತದೆ. ಪ್ರೋಬ್‌ಗಳನ್ನು ಮೂರೂ ಪೋಲ್‌ಗಳಲ್ಲಿ ಒಂದೇ ಜಾಗಕ್ಕೆ ಒತ್ತಿ ಹಿಡಿಯಿರಿ.

ರೀಡಿಂಗ್ ಇಳಿಯದಿದ್ದರೆ ಬ್ರೇಕರ್ ಓಪನ್ ಇರಲಿ, ಅದನ್ನು ಕ್ಲೋಸ್ ಮಾಡುವ ಸ್ಪ್ರಿಂಗ್ ಡಿಸ್‌ಚಾರ್ಜ್ ಆಗಿರಲಿ. ಸ್ಪ್ರಿಂಗ್ ಚಾರ್ಜ್ ಇದ್ದಾಗ ಬೆರಳು ಹಾಕಿದರೆ ಬೆರಳೇ ಹೋಗುತ್ತದೆ. ಆಮೇಲೆ ಆರ್ಕ್ ಚ್ಯೂಟ್ (ಕಿಡಿ ನಂದಿಸುವ ಭಾಗ) ಬಿಚ್ಚಿ ಕಾಂಟ್ಯಾಕ್ಟ್ ನೋಡಿ. ಬೆಳ್ಳಿ ಕಾಂಟ್ಯಾಕ್ಟ್ ಕಪ್ಪಾಗಿರುವುದು ದೋಷವಲ್ಲ. ಎಮರಿ ಪೇಪರ್ ಮಾತ್ರ ಮುಟ್ಟಿಸಬೇಡಿ, ಬೆಳ್ಳಿಯ ಪದರವೇ ಕಿತ್ತುಬರುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಸಾಕು. ಸವೆತ ಮ್ಯಾನ್ಯುಯಲ್ ಹೇಳುವ ಮಿತಿ ದಾಟಿದ್ದರೆ, ಅಥವಾ ಕಾಂಟ್ಯಾಕ್ಟ್ ಸ್ಪ್ರಿಂಗ್ ಸಡಿಲವಾಗಿದ್ದರೆ, ಆಗ ಬದಲಾಯಿಸಿ.

ಕೊನೆಗೆ 1000 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವ ಮುನ್ನ, ಬ್ರೇಕರನ್ನು ಟ್ರಿಪ್ ಮಾಡಿಸುವ ಎಲೆಕ್ಟ್ರಾನಿಕ್ ರಿಲೀಸ್‌ನ ವೈರಿಂಗ್ ಕಳಚಿಡಿ. ಮರೆತರೆ ಅದರ ಕಾರ್ಡ್ ಸುಟ್ಟುಹೋಗಬಹುದು.