ಹರಾಜಿನಲ್ಲಿ ಕೊಂಡದ್ದೆಲ್ಲವೂ ಕೊಂಡವರದೇ?

ಬಾಡಿಗೆ ಬಾಕಿಯಿರುವ ಸ್ಟೋರೇಜ್ ಕೋಣೆಯ (ಸಾಮಾನು ಇಡಲೆಂದು ಬಾಡಿಗೆಗೆ ಸಿಗುವ ಕೋಣೆಯ) ಸಾಮಾನನ್ನು ಹರಾಜಿನಲ್ಲಿ ಕೊಂಡರೆ ಒಳಗಿರುವುದೆಲ್ಲವೂ ಕೊಂಡವರಿಗೇ ಸೇರುತ್ತದೆಯೇ ಎಂದು ನೀವು ಕೇಳಿದ್ದೀರಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಸೇರುತ್ತದೆ. ನೋಟಿಸು ಕೊಟ್ಟ ಮೇಲೂ ಬಾಕಿ ತೀರದಿದ್ದರೆ ಹರಾಜು ಹಾಕುವ ಹಕ್ಕನ್ನು ಅಲ್ಲಿನ ರಾಜ್ಯಗಳ ಕಾನೂನು ಮಳಿಗೆಯವರಿಗೆ ಕೊಟ್ಟಿದೆ. ಆದರೆ ಮನುಷ್ಯನ ದೇಹದ ಭಾಗ ಸಿಕ್ಕರೆ?

2007ರಲ್ಲಿ ನಾರ್ತ್ ಕೆರೊಲಿನಾದ ಮೇಡನ್ ಎಂಬ ಊರಿನಲ್ಲಿ ಹೀಗೇ ಆಯಿತು. ಒಬ್ಬ ವ್ಯಕ್ತಿ ಹರಾಜಿನಲ್ಲಿ ಕೊಂಡ, ಮಾಂಸ ಹೊಗೆಯಾಡಿಸುವ ಒಲೆಯ ಮುಚ್ಚಳ ತೆರೆದಾಗ, ಅದರೊಳಗೆ ಮನುಷ್ಯನ ಕತ್ತರಿಸಿದ ಕಾಲೊಂದಿತ್ತು. ಪೊಲೀಸರು ಕೊಲೆಯೆಂದು ಶಂಕಿಸಬಹುದಾಗಿದ್ದ ಆ ಕಾಲು, 2004ರ ವಿಮಾನ ಅಪಘಾತದಲ್ಲಿ ತಂದೆಯನ್ನೂ ತನ್ನ ಕಾಲನ್ನೂ ಕಳೆದುಕೊಂಡು, ಮುಂದೆ ತನ್ನ ದೇಹದ ಜೊತೆಗೇ ಅದೂ ಮಣ್ಣಾಗಲಿ ಎಂದು ಕಾಪಿಟ್ಟಿದ್ದ ವ್ಯಕ್ತಿಯದ್ದಾಗಿತ್ತು. ಕೊಂಡವರು ಮಾತ್ರ ಕಾಲು ತಮಗೇ ಸೇರಬೇಕೆಂದು ಪಟ್ಟು ಹಿಡಿದರು. ಖಾಲಿ ಒಲೆಯನ್ನು ತೋರಿಸುವುದಕ್ಕೂ ದೊಡ್ಡವರಿಂದ 3 ಡಾಲರ್, ಮಕ್ಕಳಿಂದ 1 ಡಾಲರ್ ಪಡೆದರು. ಒಬ್ಬರ ಸಂಕಟವನ್ನು ಹೀಗೆ ಪ್ರದರ್ಶನಕ್ಕಿಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ. ಕೊನೆಗೆ ಜನರ ವ್ಯಾಜ್ಯಗಳನ್ನು ಕೇಳಿ ತೀರ್ಮಾನ ಕೊಡುವ ಟಿವಿ ಕಾರ್ಯಕ್ರಮವೊಂದರಲ್ಲಿ ಕಾಲು ಅದರ ಒಡೆಯನಿಗೆ, 5,000 ಡಾಲರ್ ಪರಿಹಾರ ಕೊಂಡವರಿಗೆ ಎಂದು ತೀರ್ಮಾನವಾಯಿತು.