ಪುಸ್ತಕ ಮುಚ್ಚಿ ನೋಡಿ, ಆಮೇಲೆ ಮರೆವಿನ ಮಾತಾಡಿ

ಪ್ರಶ್ನೆ: ಕೇರಳ ಪಿಎಸ್‌ಸಿ ಪರೀಕ್ಷೆಗೆ ರ‍್ಯಾಂಕ್ ಫೈಲ್ (ಪರೀಕ್ಷಾ ಕೈಪಿಡಿ) ಮೂರು ಸಲ ಓದಿ ಮುಗಿಸಿದ್ದೇನೆ. ಓದುವಾಗ ಎಲ್ಲವೂ ಗೊತ್ತಿರುತ್ತದೆ, ಹಾಲ್‌ನಲ್ಲಿ ಕೂತಾಗ ಯಾವುದೂ ನೆನಪಾಗುವುದಿಲ್ಲ. ನನ್ನ ಜ್ಞಾಪಕಶಕ್ತಿ ಕಡಿಮೆಯೇ? ಯಾವ ಟಾನಿಕ್ ಒಳ್ಳೆಯದು?
– ಬದಿಯಡ್ಕದ ಓದುಗರು

ಉತ್ತರ: ಪರೀಕ್ಷೆಯ ಅಧಿಸೂಚನೆ ಬಂದಾಗಲೆಲ್ಲ ಇದೇ ಪತ್ರ ಬರುತ್ತದೆ, ಊರಿನ ಹೆಸರು ಮಾತ್ರ ಬೇರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ. ಟಾನಿಕ್ ಬೇಡ. ನೀವು ಹೇಳಿದ ಲಕ್ಷಣ ಜ್ಞಾಪಕಶಕ್ತಿಯ ದೋಷವಲ್ಲ, ಓದುವ ಕ್ರಮದ ದೋಷ.

ಮೂರನೇ ಸಲ ಓದುವಾಗ ಸಾಲುಗಳು ಪರಿಚಿತ ಅನಿಸುತ್ತವೆ. ಆ ಪರಿಚಯವನ್ನೇ ನೀವು ನೆನಪು ಎಂದುಕೊಂಡಿದ್ದೀರಿ. ನೋಡಿದ್ದನ್ನು ಗುರುತಿಸುವುದು ಬೇರೆ, ನೋಡದೆ ಒಳಗಿನಿಂದ ಎತ್ತಿ ತೆಗೆಯುವುದು ಬೇರೆ. ಆಯ್ಕೆ ಪ್ರಶ್ನೆಗೆ ಗುರುತು ಸಾಕಲ್ಲ ಎನ್ನುತ್ತೀರಿ, ಸಾಲದು. ಪೂರ್ವಕ್ಕೆ ಹರಿಯುವ ನದಿ ಯಾವುದೆಂದು ಕೇಳಿ ಪಂಪಾ, ಪಾಂಬಾರ್, ಪೆರಿಯಾರ್, ಚಾಲಿಯಾರ್ ಎಂದು ನಾಲ್ಕು ಹೆಸರು ಕೊಟ್ಟರೆ ನಾಲ್ಕೂ ಪರಿಚಿತವೇ. ಉತ್ತರ ಪಾಂಬಾರ್. ಪಕ್ಕದಲ್ಲೇ ಕೂತ ಪಂಪಾ ನಿಮ್ಮನ್ನು ಎಳೆಯುತ್ತದೆ, ತಪ್ಪಿದರೆ ಮೂರನೇ ಒಂದು ಅಂಕವೂ ಹೋಗುತ್ತದೆ.

ಮರೆಯುವುದು ಎಲ್ಲರಿಗೂ ಸಹಜ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. 20 ನಿಮಿಷದ ನಂತರ ಆ ಉಳಿತಾಯ ಸುಮಾರು ಶೇ. 58, ಒಂದು ದಿನಕ್ಕೆ ಶೇ. 34, ತಿಂಗಳಿಗೆ ಶೇ. 21. ಇಳಿತದ ಹೆಚ್ಚಿನ ಪಾಲು ಮೊದಲ ದಿನವೇ ಆಗಿಹೋಗುತ್ತದೆ.

ಅದನ್ನು ತಡೆಯುವ ದಾರಿಯೂ ಗೊತ್ತಿದೆ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದೆ: ಶೇ. 81ಕ್ಕೆ 75. ವಾರದ ನಂತರ ಮತ್ತೆ ಓದಿದವರಿಗೆ ಶೇ. 42, ಬರೆದವರಿಗೆ ಶೇ. 56. ಓದಿದ ಕೂಡಲೇ ‘ಎಲ್ಲ ಗೊತ್ತು’ ಅನಿಸುವುದನ್ನು ಯಾಕೆ ನಂಬಬಾರದೆಂದು ಇದರಿಂದಲೇ ತಿಳಿಯಿರಿ.

ಮಾಡಬೇಕಾದ್ದು ಇಷ್ಟು. ಇನ್ನೂರು ಪುಟದ ನೋಟ್‌ಬುಕ್ ತಂದು ಪ್ರತಿ ಹಾಳೆಯನ್ನೂ ಉದ್ದಕ್ಕೆ ಮಡಚಿ. ಎಡಗಡೆ ಪ್ರಶ್ನೆ: ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರು ಯಾವುವು? ಮಡಿಕೆಯ ಹಿಂದೆ ಉತ್ತರ: ಕಬನಿ, ಭವಾನಿ, ಪಾಂಬಾರ್. ಒಂದು ಹೊತ್ತಿಗೆ 20–25 ಪ್ರಶ್ನೆ, ಹೆಚ್ಚು ಬೇಡ. ಉತ್ತರವನ್ನು ಬೇರೆ ಕಾಗದದಲ್ಲಿ ಬರೆಯಿರಿ. ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ಗೊತ್ತಿದ್ದದ್ದಕ್ಕೂ ಪೂರ್ತಿ ಅಂಕ ಕೊಟ್ಟುಕೊಳ್ಳುತ್ತೀರಿ. ನೆನಪಾಗದಿದ್ದರೆ ಕೂಡಲೇ ಮಡಿಕೆ ತೆರೆಯಬೇಡಿ. ಹತ್ತು ಹದಿನೈದು ಸೆಕೆಂಡು ತಡಕಾಡಿ, ಊಹಿಸಿಯಾದರೂ ಬರೆಯಿರಿ, ಆಮೇಲೆ ನೋಡಿ ತಿದ್ದಿ. ತಿದ್ದದೆ ಬಿಟ್ಟರೆ ತಪ್ಪೇ ಊರಿಬಿಡುತ್ತದೆ.

ಅದೇ ಪ್ರಶ್ನೆಗಳು ಮರುದಿನ, ಮೂರನೇ ದಿನ, ವಾರಕ್ಕೆ, ಹದಿನೈದು ದಿನಕ್ಕೆ ಮತ್ತೆ. ಬೇರೆ ಬೇರೆ ದಿನ ಮೂರು ಸಲ ಸರಿ ಬಂದದ್ದನ್ನು ತಿಂಗಳಿಗೊಮ್ಮೆ ಕೇಳಿಕೊಂಡರೆ ಸಾಕು. ಪ್ರತಿ ಸಲ ಕ್ರಮ ಬದಲಿಸಿ, ಇಲ್ಲದಿದ್ದರೆ ‘ಇದಾದ ಮೇಲೆ ಅದು’ ಎಂಬುದಷ್ಟೇ ನೆನಪಿರುತ್ತದೆ. ಪಂಪಾ–ಪಾಂಬಾರ್‌ನಂಥ ಜೋಡಿಗಳನ್ನು ಎದುರುಬದುರು ಬರೆದು ವ್ಯತ್ಯಾಸವನ್ನೇ ಪ್ರಶ್ನೆ ಮಾಡಿ: ಇವೆರಡರಲ್ಲಿ ಪಶ್ಚಿಮಕ್ಕೆ ಹರಿಯುವುದು ಯಾವುದು? ಇನ್ನೊಂದು ಮಾತು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ. ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ. ಹಳದಿ ಮಾರ್ಕರ್ ಎಳೆಯುವುದರಿಂದ ಪುಸ್ತಕಕ್ಕೆ ಬಣ್ಣ ಬರುತ್ತದೆ, ಅಷ್ಟೆ.

ಇದನ್ನೆಲ್ಲ ಮಾಡಿಯೂ ಮರೆವು ಕಾಡಿದರೆ, ಅಥವಾ ಇತ್ತೀಚೆಗೆ ದಿನನಿತ್ಯದ ಸಂಗತಿಗಳೂ ಮರೆಯತೊಡಗಿದ್ದರೆ, ವೈದ್ಯರನ್ನು ಕಾಣಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇವೆಲ್ಲ ಗಮನವನ್ನೂ ನೆನಪನ್ನೂ ಕೆಡಿಸುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ಅಂಗಡಿಯ ಬಾಟಲಿಯನ್ನು ನಂಬಿ ತಿಂಗಳುಗಟ್ಟಲೆ ಕಾಯಬೇಡಿ.

ಪ್ರಶ್ನೆ: ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆಯೇ ಅಲ್ಲವೇ?
– ಕುಂಬಳೆಯ ಪ್ಲಸ್ ವನ್ ವಿದ್ಯಾರ್ಥಿನಿ

ಉತ್ತರ: ಅಲ್ಲ. ಗೈಡ್‌ನಲ್ಲಿ ಹಾಗಿದ್ದರೆ ಆ ಪುಟ ಹೊಡೆದುಹಾಕಿ. ಪುನರ್ಬಲನ ಯಾವುದೇ ಇರಲಿ, ವರ್ತನೆ ಹೆಚ್ಚುತ್ತದೆ. ಶಿಕ್ಷೆಯಿಂದ ಕಡಿಮೆಯಾಗುತ್ತದೆ. ಋಣಾತ್ಮಕ ಎಂದರೆ ಏನನ್ನೋ ತೆಗೆಯುವುದು, ಕೆಟ್ಟದ್ದು ಎಂದಲ್ಲ. ಮಗು ಮೊಬೈಲಿಗಾಗಿ ಅಳುತ್ತದೆ, ಅಮ್ಮ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಕಿರಿಕಿರಿ ತಪ್ಪಿದ್ದರಿಂದ ನಾಳೆಯೂ ಅಮ್ಮ ಕೊಡುತ್ತಾಳೆ: ಇದು ಋಣಾತ್ಮಕ ಪುನರ್ಬಲನ. ಮೊಬೈಲ್ ಸಿಕ್ಕಿದ್ದರಿಂದ ನಾಳೆಯೂ ಮಗು ಅಳುತ್ತದೆ: ಇದು ಧನಾತ್ಮಕ. ಪರೀಕ್ಷೆಯಲ್ಲಿ ಈ ಉದಾಹರಣೆಯನ್ನೇ ಬರೆಯಿರಿ.

ಪ್ರಶ್ನೆ: ಮಿಡ್‌ಬ್ರೇನ್ ಆಕ್ಟಿವೇಶನ್ (ಮಿದುಳನ್ನು ಚುರುಕುಗೊಳಿಸುತ್ತೇವೆ ಎನ್ನುವ ತರಬೇತಿ) ಮಾಡಿಸಿದರೆ ಮಗು ಕಣ್ಣುಕಟ್ಟಿಕೊಂಡೇ ಓದುತ್ತದಂತೆ. ಸೇರಿಸಬಹುದೇ?
– ಉಪ್ಪಳದ ತಂದೆ

ಉತ್ತರ: ಸೇರಿಸಬೇಡಿ. ಮೂಗಿನ ಪಕ್ಕದ ಸಂದಿಯಿಂದ ಮಗು ಕೆಳಗೆ ನೋಡುತ್ತದೆ. ಪುಸ್ತಕವನ್ನು ಹಣೆಗಿಂತ ಮೇಲೆ ಹಿಡಿಯಿರಿ, ಓದು ಅಲ್ಲಿಗೇ ನಿಲ್ಲುತ್ತದೆ. ಹಣ ಹೋಗುವುದಕ್ಕಿಂತ ಕೆಟ್ಟದ್ದು, ಸುಳ್ಳು ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಮಗು ಅಲ್ಲಿ ಕಲಿಯುತ್ತದೆ.

ಪ್ರಶ್ನೆ: ನಾವು ಮಿದುಳಿನ ಶೇ. 10 ಮಾತ್ರ ಬಳಸುತ್ತೇವೆಯೇ?

ಉತ್ತರ: ಇಲ್ಲ. ಪೂರ್ತಿ ಬಳಸುತ್ತೇವೆ.

ಪ್ರಶ್ನೆ: ಬೋರ್ಡಿನಲ್ಲಿ ‘ಸೈಕಾಲಜಿಸ್ಟ್’ ಎಂದಿದ್ದರೆ ನಂಬಬಹುದೇ?
– ಮಂಜೇಶ್ವರದ ಓದುಗರು

ಉತ್ತರ: ಬೋರ್ಡನ್ನು ಯಾರೂ ಬರೆಸಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು, ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ. ತಕ್ಷಣ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.