ಬಾಣವೂ ಒಂದು ಉತ್ತರವೇ

ನಮಸ್ಕಾರ. ತನ್ನ ಜನರೆಲ್ಲ ಸತ್ತ ಮೇಲೆ ಬ್ರೆಜಿಲ್‌ನ ಕಾಡಿನಲ್ಲಿ ಒಂಟಿಯಾಗಿ ಬದುಕಿದ್ದ 'ಗುಂಡಿ ಮನುಷ್ಯ'ನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ನೀವು ಬರೆದ ಪತ್ರ ತಲುಪಿತು. "26 ವರ್ಷ ದೂರದಿಂದ ನೋಡುತ್ತಾ ಒಂಟಿಯಾಗಿ ಸಾಯಲು ಬಿಟ್ಟರಲ್ಲ, ಒಬ್ಬ ಡಾಕ್ಟರನ್ನಾದರೂ ಕಳಿಸಬಾರದಿತ್ತೇ?" ಎಂದು ಕೇಳಿದ್ದೀರಿ. ಸಿಟ್ಟಿದೆ, ಆದರೆ ಅದು ಕರುಳಿನಿಂದ ಬಂದ ಸಿಟ್ಟು.

ಮೊದಲು ನಮ್ಮ ತಪ್ಪು. 'ಹೊರಜಗತ್ತನ್ನೇ ಕಾಣದವ' ಎಂಬ ಶೀರ್ಷಿಕೆ ಹಾಕಿದವನು ನಾನೇ. ಆತ ಹೊರಜಗತ್ತನ್ನು ಚೆನ್ನಾಗಿಯೇ ಕಂಡಿದ್ದ. ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದ ಕಾಡಿಗೆ ರಸ್ತೆ ಬಂತು, ಅದರ ಬೆನ್ನಿಗೇ ದನ ಸಾಕುವ ದೊಡ್ಡ ಜಮೀನುದಾರರು ಬಂದರು. ಕಾಡಿನಲ್ಲಿ ಮೂಲನಿವಾಸಿಗಳು ಇದ್ದಾರೆಂದು ಗೊತ್ತಾದರೆ ಜಮೀನು ಕೈತಪ್ಪುತ್ತಿತ್ತು. 1970ರ ದಶಕದಿಂದ ನಡೆದ ದಾಳಿಗಳಲ್ಲಿ ಅವನ ಜನ ಸತ್ತರು ಎಂದೇ ಅಲ್ಲಿನ ಅಧಿಕಾರಿಗಳು ನಂಬಿದ್ದಾರೆ. 1990ರ ದಶಕದ ನಡುವೆ ಉಳಿದವನು ಇವನೊಬ್ಬ. ಅವನ ಹೆಸರೇನು, ಮಾತು ಯಾವುದು, ಕೊನೆಗೂ ಯಾರಿಗೂ ತಿಳಿಯಲಿಲ್ಲ.

ಮೂಲನಿವಾಸಿಗಳ ಇಲಾಖೆ ಫುನಾಯ್‌ನವರಿಗೆ ಅವನ ಸುಳಿವು ಸಿಕ್ಕಿದ್ದು 1996ರಲ್ಲಿ. ಶುರುವಿನಲ್ಲಿ ಅವರೂ ಮಾತಾಡಿಸಲು ನೋಡಿದರು, ಸುಮ್ನೆ ಕೂರಲಿಲ್ಲ. ಆಗಿನ ವಿಡಿಯೋ ಒಂದಿದೆ: ಗರಿ ಹೊದಿಸಿದ ಗುಡಿಸಲು, ಗೋಡೆಯ ಸಂದಿಯಲ್ಲಿ ಒಂದು ಕಣ್ಣು, ಅದರ ಪಕ್ಕದಲ್ಲೇ ಹೊರಕ್ಕೆ ಚಾಚಿದ ಬಾಣದ ಮೊನೆ. 2005ರಲ್ಲಿ ಬಾಣ ಬಿಟ್ಟೇ ಬಿಟ್ಟ. ಫುನಾಯ್‌ನ ಒಬ್ಬರಿಗೆ ಜೋರಾಗಿ ಪೆಟ್ಟಾಯಿತು. ಆಮೇಲೆ ಅವರು ಹತ್ತಿರ ಹೋಗುವುದು ಬಿಟ್ಟರು. ಕೊಡಲಿ, ಬೀಜ ಇಟ್ಟು ಬರುತ್ತಿದ್ದರು. ಬೇಕಾದ್ದನ್ನು ಎತ್ತಿಕೊಳ್ಳುತ್ತಿದ್ದ. ಮೆಕ್ಕೆಜೋಳ, ಪಪ್ಪಾಯಿ ಬೆಳೆದುಕೊಂಡ. ಗುಡಿಸಲು ಬದಲಿಸಿದಾಗಲೆಲ್ಲ ಒಳಗೊಂದು ಆಳವಾದ ಗುಂಡಿ ತೋಡುತ್ತಿದ್ದ. ಅಂಥ 50ಕ್ಕೂ ಹೆಚ್ಚು ಗುಡಿಸಲುಗಳ ಲೆಕ್ಕ ಸಿಕ್ಕಿದೆ.

ಇನ್ನು ಡಾಕ್ಟರ ವಿಚಾರ. ಅದೇ ಬ್ರೆಜಿಲ್‌ನ ಪನಾರಾ ಜನರ ಕಥೆ ಕೇಳಿ. ಕುಯಬಾದಿಂದ ಸಾಂತರೇಂಗೆ ಹೆದ್ದಾರಿ ಹಾಕುವಾಗ, 1973ರಲ್ಲಿ, ಸರ್ಕಾರದ ಕಡೆಯಿಂದ ಅವರನ್ನು ಸಂಪರ್ಕಿಸಿದರು. ಹೋದವರು ವಿಲಾಸ್ ಬೋವಾಸ್ ಸೋದರರು. ಕೆಟ್ಟವರಲ್ಲ, ಮೂಲನಿವಾಸಿಗಳ ಪರವಾಗಿಯೇ ಹೋರಾಡಿದವರು. ಆದರೆ ನಮಗೆ ಎರಡು ದಿನ ಮೂಗು ಸೋರಿಸಿ ಹೋಗುವ ಶೀತಜ್ವರವನ್ನೂ ಆ ಮೈಗಳು ಎಂದೂ ಕಂಡಿರಲಿಲ್ಲ. ಕಾಯಿಲೆಗೆ ನೂರಾರು ಜನ ಸತ್ತರು. ಎರಡೇ ವರ್ಷದಲ್ಲಿ ಉಳಿದವರು 79 ಮಂದಿ. ಅವರನ್ನು ವಿಮಾನ ಹತ್ತಿಸಿ, ಮೂಲನಿವಾಸಿಗಳಿಗೆಂದು ಕಾದಿರಿಸಿದ ಶಿಂಗು ಪಾರ್ಕಿಗೆ ಸಾಗಿಸಿದರು. ಸ್ವಂತ ನೆಲದ ಒಂದು ಭಾಗಕ್ಕೆ ಅವರು ಮರಳಿದ್ದು 1990ರ ದಶಕದಲ್ಲಿ.

ಇಂಥದ್ದನ್ನೆಲ್ಲ ಕಂಡ ಮೇಲೆ 1987ರಲ್ಲಿ ಫುನಾಯ್ ತನ್ನ ದಾರಿ ಬದಲಿಸಿತು: ಅವರ ಜೀವಕ್ಕೇ ಕುತ್ತು ಬಂದ ಹೊರತು ನಾವಾಗಿ ಹೋಗಿ ಕೈ ಚಾಚಬಾರದು, ಅವರ ನೆಲ ಕಾಯಬೇಕು. ಇದಕ್ಕೆ ಹಟ ಹಿಡಿದವರು ಫುನಾಯ್‌ನವರೇ ಆದ ಸಿಡ್ನಿ ಪೊಸುಯೆಲೊ. ಅದಕ್ಕೂ ಮುಂಚೆ ಇಂಥ ಸಂಪರ್ಕದ ತಂಡಗಳನ್ನು ತಾವೇ ಮುನ್ನಡೆಸಿದ್ದವರು ಅವರು, ಹಾಗಾಗಿ ಅವರ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಕಾಯುವುದೂ ಸಲೀಸಲ್ಲ ಬಿಡಿ. 2009ರಲ್ಲಿ ಬಂದೂಕು ಹಿಡಿದು ಬಂದವರು ಈ ಒಂಟಿ ಮನುಷ್ಯನ ಮೇಲೂ ಗುಂಡು ಹಾರಿಸಿದ್ದರು.

ಒಂಟಿತನದ ಬಗ್ಗೆ ನೀವು ಬರೆದ ಸಾಲಿಗೆ ನನ್ನಲ್ಲಿ ಎದುರುತ್ತರವಿಲ್ಲ. 2022ರ ಆಗಸ್ಟ್‌ನಲ್ಲಿ ಅವನು ತನ್ನ ಜೋಲಿಯಲ್ಲೇ ಸತ್ತಿದ್ದ. ಮೈಮೇಲೆ ಮಕಾವ್ ಗಿಳಿಯ ಗರಿ ಹೊದ್ದಿದ್ದ. ದೇಹವನ್ನು ಪರೀಕ್ಷೆಗೆ ಒಯ್ದರು. ಮತ್ತೆ ಅದೇ ಕಾಡಿನಲ್ಲಿ ಹೂಳುವ ಹೊತ್ತಿಗೆ ನವೆಂಬರ್ ಬಂದಿತ್ತು. ಅಷ್ಟರಲ್ಲಿ ಅಕ್ಕಪಕ್ಕದ ಜಮೀನುದಾರರು ಆ ನೆಲ ತಮ್ಮದೆಂದು ಎದ್ದು ನಿಂತಿದ್ದರು.

ಶೀರ್ಷಿಕೆಯ ತಿದ್ದುಪಡಿ ಇದೇ ಸಂಚಿಕೆಯ ಮೊದಲ ಪುಟದಲ್ಲಿದೆ.

— ಸಂಪಾದಕ